ತೂತು ಎಣಿಸುವ ವಿದ್ಯೆ

‘ಎಲ್ಲರ ಮನೆಯ ದೋಸೆಯೂ ತೂತೇ’ ಎಂಬ ಗಾದೆಯನ್ನು ನಮ್ಮ ಜನ ಹೇಳುವುದು ಸಮಾಧಾನಕ್ಕೆ. ಪಕ್ಕದ ಮನೆಯವರ ಸಂಕಟ ಕೇಳಿ, ನಮ್ಮದನ್ನೂ ಒಂದಿಷ್ಟು ಹೇಳಿಕೊಂಡು, ಕೊನೆಗೆ ಈ ಗಾದೆಯನ್ನು ಉದುರಿಸಿ ಎದ್ದು ಬರುತ್ತೇವೆ. ಆದರೆ ಯಾವ ದೋಸೆಯಲ್ಲಿ ಎಷ್ಟು ತೂತು ಎಂದು ಕೂತು ಎಣಿಸಿದವರನ್ನು ನಾನು ಕಂಡಿರಲಿಲ್ಲ. ಈಗ ಅಂಥವಳೊಬ್ಬಳು ನನ್ನ ಹೊಟ್ಟೆಯಲ್ಲೇ ಹುಟ್ಟಿದ್ದಾಳೆ.

ನನ್ನ ಮಗಳು ಗಣಿತದಲ್ಲಿ ಎಂ.ಎಸ್ಸಿ. ಮುಗಿಸಿ ಬೆಂಗಳೂರಿನಲ್ಲಿ ಸಂಶೋಧನೆಗೆ ಸೇರಿಕೊಂಡಳು. ವಿಷಯ ಹೋಮಾಲಜಿ. ಈ ಹೆಸರು ಕೇಳಿದ ನಮ್ಮ ನಾದಿನಿ, “ಹೋಮಿಯೋಪತಿನಾ ಅತ್ತಿಗೆ? ಹಾಗಾದ್ರೆ ನನ್ನ ಮಂಡಿನೋವಿಗೆ ನಾಲ್ಕು ಗುಳಿಗೆ ಕಳಿಸೋಕೆ ಹೇಳಿ” ಅಂದಳು. ನಾನು ನಕ್ಕೆನಾದರೂ ನನಗೆ ಗೊತ್ತಿದ್ದದ್ದೂ ಅಷ್ಟರಲ್ಲೇ ಇತ್ತು. ನಾನು ಬಿ.ಎ., ಬಿ.ಎಡ್. ಮಾಡಿದವಳು. ಸಮಾಜ ವಿಜ್ಞಾನ ನನ್ನ ವಿಷಯ. ಗಣಿತದ ಮೇಷ್ಟ್ರಿಗೆ ವರ್ಗವಾದಾಗಲೆಲ್ಲ ಹೊಸಬರು ಬರುವವರೆಗೆ ಎಂಟನೇ ತರಗತಿಯ ಗಣಿತ ನನ್ನ ತಲೆಗೆ ಬರುತ್ತದೆ. ಹಾಗೆ ಬಂದ ಗಣಿತವೇ ನನ್ನ ಬಂಡವಾಳ.

ರಜೆಗೆ ಬಂದಿದ್ದ ಮಗಳು ಒಂದು ಬೆಳಿಗ್ಗೆ ಅಡಿಗೆಮನೆಯಲ್ಲೇ ಪಾಠಕ್ಕೆ ಕೂತಳು. “ಅಮ್ಮ, ತೂತು ಅಂದ್ರೆ ಏನು?” ಅಂತ ಕೇಳಿದಳು. “ಏನೂ ಇಲ್ಲದ ಜಾಗ” ಅಂದೆ. “ಏನೂ ಇಲ್ಲದ್ದನ್ನ ಎಣಿಸೋದು ಹೇಗೆ?” ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಅವಳು ನೀರುದೋಸೆಯೊಂದನ್ನು ತಟ್ಟೆಗೆ ಹಾಕಿಕೊಂಡು, ಹೂ ಕಟ್ಟುವ ದಾರವನ್ನು ಅದರ ಮೇಲೆ ಉಂಗುರದಂತೆ ಇಟ್ಟಳು. “ದಾರದ ಒಳಗೆ ಬರೀ ದೋಸೆ ಇದೆ. ಅಂದ್ರೆ ದಾರ ಒಂದು ತುಂಡಿನ ಅಂಚು. ಆ ತುಂಡನ್ನ ಕತ್ತರಿಸಿ ತಿನ್ನಬಹುದು.” ಆಮೇಲೆ ದಾರವನ್ನು ಒಂದು ತೂತಿನ ಸುತ್ತ ಸರಿಸಿದಳು. “ಈಗಲೂ ದಾರ ಸುತ್ತಿ ಬಂದು ಕೂಡಿಕೊಂಡಿದೆ. ಆದ್ರೆ ಒಳಗಿನ ದೋಸೆಗೆ ತೂತಿನ ಕಡೆಗೂ ಒಂದು ಅಂಚಿದೆ. ಬರೀ ಈ ದಾರವನ್ನೇ ಅಂಚಾಗಿ ಪಡೆದ ತುಂಡು ಇಲ್ಲಿಲ್ಲ. ಸುತ್ತು ಪೂರ್ತಿಯಾಗಿದ್ದೂ ಯಾವುದಕ್ಕೂ ಅಂಚಲ್ಲ ಅಂದ್ರೆ, ಅಲ್ಲಿ ತೂತಿದೆ ಅಂತ ಅರ್ಥ.”

ಇಷ್ಟೇ ವಿದ್ಯೆ ಎಂದು ಅವಳು ಹೇಳಿದಾಗ ನನಗೆ ನಂಬಿಕೆ ಬರಲಿಲ್ಲ. ಇಲ್ಲದ್ದನ್ನು ಮುಟ್ಟದೆ, ಅದರ ಸುತ್ತ ನಡೆದು, ಅದಿದೆ ಎಂದು ಹೇಳುವುದು. ಚೊಂಬಿನ ಬಾಯಿ ಈ ಲೆಕ್ಕದಲ್ಲಿ ತೂತಲ್ಲ, ಬರೀ ಗುಳಿ. ಬಾಯಿಯ ಸುತ್ತ ಕಟ್ಟಿದ ದಾರ ಒಳಗೆ ಜಾರಿ ತಳಕ್ಕೆ ಬಂದು ಕುಗ್ಗಿಹೋಗಬಹುದು. ಸೂಜಿಯ ಕಣ್ಣು ಎಷ್ಟೇ ಸಣ್ಣದಾದರೂ ನಿಜವಾದ ತೂತು.

ಇದರ ಹಿಂದೆ ಒಂದು ನಿಯಮವಿದೆ. ಅಂಚಿಗೆ ಅಂಚಿಲ್ಲ. ಕೇಳಲು ಒಗಟಿನಂತಿದ್ದರೂ ಕಪ್ಪುಹಲಗೆಯ ಮೇಲೆ ಎರಡು ನಿಮಿಷದ ಕೆಲಸ. ಅ, ಆ, ಇ ಎಂಬ ಮೂರು ಮೂಲೆಗಳ ತ್ರಿಕೋನ ಬರೆಯಿರಿ. ಅ ಇಂದ ಆ, ಆ ಇಂದ ಇ, ಇ ಇಂದ ಮತ್ತೆ ಅ, ಹೀಗೆ ನಡೆದರೆ ತ್ರಿಕೋನದ ಅಂಚು ಮುಗಿಯಿತು. ಇನ್ನು ಒಂದು ಗೆರೆಯ ಅಂಚೆಂದರೆ ಅದರ ಎರಡು ತುದಿ. ತಲುಪಿದ ತುದಿಯನ್ನು ಕೂಡಿ, ಹೊರಟ ತುದಿಯನ್ನು ಕಳೆಯಬೇಕು. ಮೂರೂ ಗೆರೆಗಳದ್ದನ್ನು ಬರೆದರೆ ಪ್ರತಿ ಮೂಲೆಗೂ ಒಮ್ಮೆ ಬಂದಿದ್ದೀರಿ, ಒಮ್ಮೆ ಬಿಟ್ಟಿದ್ದೀರಿ. ಜಮಾ ಖರ್ಚು ಸರಿಹೋಗಿ ಸೊನ್ನೆ ಉಳಿಯುತ್ತದೆ. ಅಕ್ಕಪಕ್ಕದ ಎರಡು ಹೊಲಗಳಿಗೂ ಇದೇ ಲೆಕ್ಕ. ಇಬ್ಬರೂ ತಮ್ಮ ತಮ್ಮ ಹೊಲವನ್ನು ಬಲಸುತ್ತು ಬಂದರೆ ನಡುವಿನ ಬದುವಿನ ಮೇಲೆ ಒಬ್ಬರು ಹೋದ ದಿಕ್ಕಿಗೆ ಇನ್ನೊಬ್ಬರು ಎದುರಾಗಿ ಬರುತ್ತಾರೆ. ಎರಡನ್ನೂ ಕೂಡಿದರೆ ಬದು ವಜಾ, ಹೊರಗಿನ ಎಲ್ಲೆ ಮಾತ್ರ ಬಾಕಿ. ಕೋರ್ಟಿನಲ್ಲಿ ತಲೆಮಾರು ಕಳೆದರೂ ಮುಗಿಯದ ಬದುವಿನ ಜಗಳ ಬೀಜಗಣಿತದಲ್ಲಿ ಒಂದು ಸಾಲಿಗೆ ಮುಗಿಯುತ್ತದೆ.

ಘನದಿಂದ ಅದರ ಮುಖಗಳಿಗೆ, ಮುಖಗಳಿಂದ ಗೆರೆಗಳಿಗೆ, ಗೆರೆಗಳಿಂದ ಮೂಲೆಗಳಿಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಸಾಲಿಗೆ ಕಾಂಪ್ಲೆಕ್ಸ್ ಎನ್ನುತ್ತಾರೆ. ನಮ್ಮೂರಿನಲ್ಲಿ ಕಾಂಪ್ಲೆಕ್ಸ್ ಎಂದರೆ ಬಸ್ ಸ್ಟ್ಯಾಂಡಿನ ಎದುರಿನ ಅಂಗಡಿಸಾಲು, ತಪ್ಪಿದರೆ ಬಾಯಿಹುಣ್ಣಿನ ಮಾತ್ರೆ. ಈ ಕಾಂಪ್ಲೆಕ್ಸಿನಲ್ಲಿ ಒಂದೇ ಕಟ್ಟುಪಾಡು: ಒಂದೊಂದು ಮೆಟ್ಟಿಲಿಗೂ ಅಂಚು ತೆಗೆಯಬೇಕು, ಎರಡು ಮೆಟ್ಟಿಲು ಇಳಿದರೆ ಸೊನ್ನೆಯಾಗಬೇಕು. ಅಂಚಿಲ್ಲದವುಗಳಲ್ಲಿ, ತಾವೇ ಇನ್ನೊಂದರ ಅಂಚಾದವುಗಳನ್ನು ಲೆಕ್ಕದಿಂದ ಬಿಟ್ಟು ಉಳಿದದ್ದೇ ಹೋಮಾಲಜಿ. ಆಮೇಲಿನವರು ಆಕಾರಗಳನ್ನೂ ಕೈಬಿಟ್ಟು ಈ ಕಟ್ಟುಪಾಡನ್ನು ಮಾತ್ರ ಇಟ್ಟುಕೊಂಡು ಹೊಸ ಬೀಜಗಣಿತವನ್ನೇ ಕಟ್ಟಿದರು. 1956ರಲ್ಲಿ ಕಾರ್ಟಾನ್ ಮತ್ತು ಐಲೆನ್‌ಬರ್ಗ್ ಬರೆದ ‘ಹೋಮಲಾಜಿಕಲ್ ಆಲ್ಜೀಬ್ರ’ ಎಂಬ ಪುಸ್ತಕದಿಂದ ಅದಕ್ಕೆ ಹೆಸರೂ ನಿಂತಿತು.

ಇದರ ಬೇರು ನಾನು ಶಾಲೆಯಲ್ಲಿ ಹೇಳಿಕೊಡುವ ಪಾಠದಲ್ಲೇ ಇತ್ತೆಂದು ತಿಳಿದು ಹಿಗ್ಗಾಯಿತು. ಬೆಂಕಿಪೊಟ್ಟಣಕ್ಕೆ ಮೂಲೆ 8, ಅಂಚು 12, ಮುಖ 6. ಎಂಟರಲ್ಲಿ ಹನ್ನೆರಡು ಕಳೆದು ಆರು ಕೂಡಿದರೆ 2. ಪಿರಮಿಡ್ಡಿಗೂ ಪಟ್ಟಕಕ್ಕೂ ಎರಡೇ. ಇದನ್ನು ಆಯ್ಲರ್ 1750ರಲ್ಲಿ ಕಂಡುಕೊಂಡ. ಆದರೆ ಫೋಟೋಕ್ಕೆ ಹಾಕುವ ಮರದ ಚೌಕಟ್ಟನ್ನು ತೆಗೆದುಕೊಳ್ಳಿ. ನಾಲ್ಕು ಪಟ್ಟಿಗಳನ್ನು ಮೂಲೆಯಲ್ಲಿ ಓರೆಯಾಗಿ ಕೂಡಿಸಿದ್ದು. ಮೂಲೆ 16, ಅಂಚು 32, ಮುಖ 16. ಉತ್ತರ ಸೊನ್ನೆ. ನಡುವಿನ ತೂತು ಆ ಎರಡನ್ನು ನುಂಗಿಬಿಟ್ಟಿತು! ಫ್ರಾನ್ಸಿನ ಪ್ವಾಂಕರೆ 1895ರಲ್ಲಿ ಬರೆದ ಪ್ರಬಂಧ ಈ ಲೆಕ್ಕವನ್ನು ಶಾಸ್ತ್ರವಾಗಿಸಿತು. ಇಟಲಿಯ ಬೆಟ್ಟಿಯ ಹೆಸರಿನಲ್ಲಿ ತೂತಿನ ಸಂಖ್ಯೆಗಳನ್ನು ‘ಬೆಟ್ಟಿ ಸಂಖ್ಯೆ’ ಎಂದು ಕರೆದವನೂ ಅವನೇ.

ಆ ಸಂಖ್ಯೆಗಳಿಗೆ ಜೀವ ತುಂಬಿದವಳು ಒಬ್ಬ ಹೆಂಗಸು. ಎಮ್ಮಿ ನೋಟರ್, 1882ರಲ್ಲಿ ಜರ್ಮನಿಯ ಎರ್‌ಲಾಂಗೆನ್‌ನಲ್ಲಿ ಹುಟ್ಟಿದವಳು. 1900ರಲ್ಲಿ ಹೆಣ್ಣುಮಕ್ಕಳ ಶಾಲೆಯಲ್ಲಿ ಫ್ರೆಂಚ್, ಇಂಗ್ಲಿಷ್ ಕಲಿಸುವ ಪರೀಕ್ಷೆ ಪಾಸು ಮಾಡಿದ್ದಳು ಎಂದು ಓದಿದಾಗ ನನಗೆ ಅವಳು ನಮ್ಮ ಪೈಕಿಯೇ ಅನ್ನಿಸಿತು. ಆದರೆ ಅವಳು ಶಾಲೆಗೆ ಹೋಗಲಿಲ್ಲ, ಗಣಿತಕ್ಕೆ ಹೋದಳು. 1907ರಲ್ಲಿ ಡಾಕ್ಟರೇಟ್ ಪಡೆದು ಏಳು ವರ್ಷ ಅದೇ ಊರಿನ ವಿಶ್ವವಿದ್ಯಾಲಯದಲ್ಲಿ ಸಂಬಳವಿಲ್ಲದೆ ದುಡಿದಳು. 1915ರಲ್ಲಿ ಹಿಲ್ಬರ್ಟ್ ಮತ್ತು ಕ್ಲೈನ್ ಅವಳನ್ನು ಗಾಟಿಂಗೆನ್‌ಗೆ ಕರೆಸಿಕೊಂಡರು. ಹೆಂಗಸು ಪಾಠ ಹೇಳುವುದಕ್ಕೆ ಅಲ್ಲಿನ ಪ್ರಾಧ್ಯಾಪಕರ ಅಡ್ಡಿ ಬಂತು. ಪ್ರಕಟಣೆಯಲ್ಲಿ ಹಿಲ್ಬರ್ಟನ ಹೆಸರು, ಪಾಠ ಮಾತ್ರ ಇವಳದು! ಸ್ವಂತ ಹೆಸರಿನಲ್ಲಿ ಪಾಠ ಮಾಡುವ ಅಧಿಕಾರ ಸಿಕ್ಕಿದ್ದು 1919ರಲ್ಲಿ. ಸಂಬಳವಿಲ್ಲದೆ ದುಡಿಯುವ ಹೆಂಗಸರನ್ನು ನೋಡಲು ಗಾಟಿಂಗೆನ್‌ವರೆಗೆ ಹೋಗಬೇಕಾಗಿಲ್ಲ, ಬಿಡಿ. ಪ್ರತಿ ಅಡಿಗೆಮನೆಯಲ್ಲೂ ಇದ್ದಾರೆ.

1925ರ ಡಿಸೆಂಬರಿನಲ್ಲಿ ಅವಳು ಹಾಲೆಂಡಿನ ಬ್ಲಾರಿಕಂ ಎಂಬ ಊರಿಗೆ ಹೋಗಿದ್ದಳು. ಅಲ್ಲಿ ಬ್ರೌವರ್ ಎಂಬ ಗಣಿತಜ್ಞನ ಮನೆಯಲ್ಲಿ ರಾತ್ರಿಯೂಟ. ಆ ಊಟದ ಮೇಜಿನಲ್ಲೇ ಅವಳು ತನ್ನ ಯೋಚನೆಯನ್ನು ಬಿಡಿಸಿ ಹೇಳಿದಳೆಂದು ಅಲ್ಲಿದ್ದ ರಷ್ಯದ ಅಲೆಕ್ಸಾಂಡ್ರೋವ್ ಮುಂದೆ ನೆನೆದಿದ್ದಾನೆ. ತೂತುಗಳನ್ನು ಬರೀ ಸಂಖ್ಯೆಯಾಗಿ ಬರೆದಿಡಬೇಡಿ, ಅವುಗಳ ಸುತ್ತುಗಳನ್ನೇ ಒಂದು ಗುಂಪಾಗಿ ನೋಡಿ ಎಂಬುದು ಆ ಯೋಚನೆ. ಒಂದು ಸುತ್ತನ್ನು ಇನ್ನೊಂದಕ್ಕೆ ಕೂಡಬಹುದು, ಹಿಂದಕ್ಕೆ ಸುತ್ತಿ ಕಳೆಯಬಹುದು. ಒಂದು ಸುತ್ತಿಗೆ ಕರಗದೆ ಎರಡು ಸುತ್ತಿಗೆ ಕರಗಿಹೋಗುವ ವಿಚಿತ್ರ ಸುತ್ತುಗಳೂ ಕೆಲವು ಆಕಾರಗಳಲ್ಲಿವೆ. ಹಾಜರಿ ಪುಸ್ತಕದಲ್ಲಿ ‘ಹಾಜರು 42’ ಎಂದು ಬರೆಯುವುದಕ್ಕೂ, ಆ ನಲವತ್ತೆರಡು ಮಕ್ಕಳಲ್ಲಿ ಯಾರು ಯಾರ ಪಕ್ಕ ಕೂರುತ್ತಾರೆ, ಯಾರು ಯಾರ ಬುತ್ತಿ ಹಂಚಿಕೊಳ್ಳುತ್ತಾರೆ ಎಂದು ತಿಳಿದಿರುವುದಕ್ಕೂ ಇರುವ ವ್ಯತ್ಯಾಸವನ್ನು ಯಾವ ಟೀಚರಿಗೂ ವಿವರಿಸಬೇಕಾಗಿಲ್ಲ.

1933ರಲ್ಲಿ ಯೆಹೂದಿ ಎಂಬ ಕಾರಣಕ್ಕೆ ನಾಜಿ ಸರ್ಕಾರ ಅವಳನ್ನು ಕೆಲಸದಿಂದ ತೆಗೆಯಿತು. ಅಮೆರಿಕದ ಬ್ರಿನ್ ಮಾರ್ ಎಂಬ ಮಹಿಳಾ ಕಾಲೇಜು ಕರೆಯಿತು. 1935ರ ಏಪ್ರಿಲ್ 14ರಂದು, ಶಸ್ತ್ರಚಿಕಿತ್ಸೆಯಾದ ಕೆಲವೇ ದಿನಕ್ಕೆ, ತೀರಿಕೊಂಡಳು. ಆಗ ಅವಳಿಗೆ 53, ಈಗ ನನಗಿರುವ ವಯಸ್ಸು.

ತೂತಿನ ಲೆಕ್ಕ ಕಾಗದದ ಮೇಲಿನ ಆಟವಲ್ಲ, ಪ್ರಕೃತಿಯೂ ಅದನ್ನು ಪಾಲಿಸುತ್ತದೆ. 1973ರಲ್ಲಿ ಮಿಸ್ನರ್, ಥಾರ್ನ್, ವೀಲರ್ ಬರೆದ ‘ಗ್ರಾವಿಟೇಷನ್’ ಎಂಬ ದಪ್ಪ ಪುಸ್ತಕದಲ್ಲಿ, ವಿದ್ಯುತ್ತು ಮತ್ತು ಗುರುತ್ವದ ನಿಯಮಗಳ ಹಿಂದೆ ‘ಅಂಚಿಗೆ ಅಂಚಿಲ್ಲ’ ಎಂಬ ಮಾತೇ ಇದೆಯೆಂದು ತೋರಿಸುವ ಒಂದು ಅಧ್ಯಾಯವಿದೆ. ನನಗೆ ಹೆಚ್ಚು ಹಿಡಿಸಿದ್ದು ಮಗಳು ಹೇಳಿದ ಇನ್ನೊಂದು ಸಂಗತಿ. 1959ರಲ್ಲಿ ಅಹರೊನೊವ್ ಮತ್ತು ಬೋಮ್ ಎಂಬಿಬ್ಬರು ಒಂದು ಮಾತು ಹೇಳಿದರು. ಕಾಂತಕ್ಷೇತ್ರವನ್ನು ಒಂದು ಜಾಗದಲ್ಲಿ ಪೂರ್ತಿ ಮುಚ್ಚಿಟ್ಟು, ಇಲೆಕ್ಟ್ರಾನುಗಳು ಅದನ್ನು ಮುಟ್ಟದೆ ಎರಡೂ ಬದಿಯಿಂದ ಸುತ್ತಿ ಹೋಗುವಂತೆ ಮಾಡಿದರೂ ಅವುಗಳ ಅಲೆಯಲ್ಲಿ ವ್ಯತ್ಯಾಸ ಕಾಣಬೇಕು ಎಂದು. ಹಲವರು ನಂಬಲಿಲ್ಲ. ಜಪಾನಿನ ತೊನೊಮುರಾ ಮತ್ತು ಸಂಗಡಿಗರು 1986ರಲ್ಲಿ ಅತಿ ಸಣ್ಣ ಆಯಸ್ಕಾಂತವೊಂದನ್ನು ಮಾಡಿದರು. ಆಕಾರ ನಮ್ಮ ಉದ್ದಿನವಡೆಯದೇ! ಕಾಂತಕ್ಷೇತ್ರ ಹೊರಗೆ ಸೋರದಂತೆ ಅದಕ್ಕೆ ನಯೋಬಿಯಂ ಎಂಬ ಲೋಹದ ಹೊದಿಕೆ ಹಾಕಿ, ಆ ಲೋಹ ಅತಿವಾಹಕವಾಗುವಷ್ಟು ತಂಪು ಮಾಡಿದರು. ವಡೆಯ ತೂತಿನೊಳಗಿಂದ ಹಾದ ಅಲೆಗೂ ಹೊರಗಿನಿಂದ ಹಾದ ಅಲೆಗೂ ಕೆಲವು ಸಲ ಸರಿಯಾಗಿ ಅರ್ಧ ಅಲೆಯಷ್ಟು ಹೆಜ್ಜೆ ತಪ್ಪಿತ್ತು. ಮುಟ್ಟಿರಲಿಲ್ಲ, ಬರೀ ಬಳಸಿ ಹೋಗಿದ್ದವು. ಆದರೂ ಹೋದ ಹಾಗೆ ಬಂದಿರಲಿಲ್ಲ.

ಇದನ್ನು ಕೇಳಿದಾಗ ನಾನು ಸುಮ್ಮನಾದೆ. ನಮ್ಮ ಮನೆಯವರು ತೀರಿಕೊಂಡು ಏಳು ವರ್ಷವಾಯಿತು. ಹಜಾರದಲ್ಲಿ ಅವರ ಆರಾಮ ಕುರ್ಚಿ ಇದ್ದ ಜಾಗ ಈಗ ಖಾಲಿ. ಕುರ್ಚಿಯನ್ನು ನಾನೇ ಅಟ್ಟಕ್ಕೆ ಹಾಕಿಸಿದೆ. ಆದರೂ ಅಡಿಗೆಮನೆಯಿಂದ ಬಾಗಿಲಿಗೆ ಹೋಗುವಾಗ ನಾನು ಇಂದಿಗೂ ಆ ಜಾಗವನ್ನು ಬಳಸಿಯೇ ಹೋಗುತ್ತೇನೆ, ಮಗಳೂ ಹಾಗೇ ಹೋಗುತ್ತಾಳೆ. ಮೊದಲ ವರ್ಷ ಬಂದವರೆಲ್ಲ, “ಕಾಲ ಕಳೆದ ಹಾಗೆ ತುಂಬಿಕೊಳ್ಳತ್ತೆ ಟೀಚರೇ” ಎಂದು ಸಮಾಧಾನ ಹೇಳಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಾನೂ ತುಂಬಿಕೊಳ್ಳಲಿ ಎಂದು ಕಾದೆ. ಶಾಲೆಯ ಕೆಲಸ ಹೆಚ್ಚು ಹಚ್ಚಿಕೊಂಡೆ, ಯಾತ್ರೆಗೆ ಹೋದೆ, ಮನೆಗೆ ಸುಣ್ಣಬಣ್ಣ ಮಾಡಿಸಿದೆ. ಮಗಳ ವಿದ್ಯೆ ಹೇಳುವುದೇ ಬೇರೆ. ಆಕಾರವನ್ನು ಹರಿಯದೆ, ಅಂಟಿಸದೆ, ಎಳೆಯಿರಿ, ಹಿಗ್ಗಿಸಿ, ಬಗ್ಗಿಸಿ, ತೂತಿನ ಲೆಕ್ಕ ಬದಲಾಗುವುದಿಲ್ಲ. ಕೊಡುಬಳೆ ದಪ್ಪವಾದರೂ ತೆಳ್ಳಗಾದರೂ ಕೊಡುಬಳೆಯೇ. ಇದು ಸಮಾಧಾನದ ಮಾತಲ್ಲ. ಆದರೂ ಇದನ್ನು ಕೇಳಿದ ಮೇಲೆ ನನ್ನ ಮೇಲಿದ್ದ ಒಂದು ಹೊರೆ ಇಳಿದಂತಾಯಿತು. ತುಂಬಿಸಬೇಕೆಂಬ ಕೆಲಸವೇ ತಪ್ಪಿತು. ಹಿಗ್ಗುವುದು ಬಾಳು, ತೂತು ತೂತಾಗಿಯೇ ಇರುತ್ತದೆ.

“ನಿನಗೆ ಅಪ್ಪನ ನೆನಪಾಗಿ ಈ ವಿಷಯ ಹಿಡಿದ್ಯಾ?” ಎಂದು ಕೇಳಿದೆ. “ಇಲ್ಲಮ್ಮ, ಗೈಡ್ ಕೊಟ್ಟ ವಿಷಯ” ಅಂದಳು. ಆ ಉತ್ತರವೂ ನನಗೆ ಇಷ್ಟವಾಯಿತು. ಎಲ್ಲದಕ್ಕೂ ನಮ್ಮ ದುಃಖವೇ ಕಾರಣವಾಗಬೇಕಾಗಿಲ್ಲ.

ಈ ಸಲ ಗಣಿತ ಮತ್ತೆ ನನ್ನ ಪಾಲಿಗೆ ಬಂದಾಗ, ಆಯ್ಲರನ ಪಾಠ ಮುಗಿಸಿ ಮಕ್ಕಳಿಗೆ ಒಂದು ಪ್ರಶ್ನೆ ಹಾಕಿದೆ. ಬಳೆಗೆ ಎಷ್ಟು ತೂತು? ಒಂದು. ಪಂಚೆಗೆ? ಸೊನ್ನೆ. ಲಂಗಕ್ಕೆ? ಮೇಲೊಂದು ಬಾಯಿ, ಕೆಳಗೊಂದು ಬಾಯಿ, ಎರಡು ಎಂದರು ಹುಡುಗರು. ಹಾಗಾದರೆ ಬಳೆಗೂ ಎರಡು ಬದಿಯಿಂದ ಬಾಯಿಯಿದೆಯಲ್ಲ ಎಂದೆ. ಗದ್ದಲವಾಯಿತು. ಫ್ರಾಕಿಗೆ ಬಂದಾಗ ಕುತ್ತಿಗೆ, ಎರಡು ತೋಳು, ಕೆಳಗಿನ ಘೇರು, ಒಟ್ಟು ನಾಲ್ಕು ಎಂದು ಹೆಚ್ಚಿನವರು ಕೈಯೆತ್ತಿದರು. ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು ನಿಂತಳು. ತಾಯಿ ಬಟ್ಟೆ ಹೊಲಿದು ಸಂಸಾರ ಸಾಗಿಸುವ ಮನೆಯ ಹುಡುಗಿ. ಗಣಿತದಲ್ಲಿ ಅವಳು ಬಾಯಿಬಿಟ್ಟದ್ದನ್ನು ನಾನು ನೋಡಿರಲಿಲ್ಲ. “ಮೂರು ಮಿಸ್. ಫ್ರಾಕನ್ನ ನೆಲದ ಮೇಲೆ ಘೇರು ಅಗಲಿಸಿ ಚಪ್ಪಟೆಯಾಗಿ ಹರಡಬೇಕು. ಘೇರು ಸುತ್ತಲಿನ ಅಂಚಾಗತ್ತೆ. ಒಳಗೆ ಉಳಿಯೋದು ಕುತ್ತಿಗೆ, ಎರಡು ತೋಳು.”

ಅವಳನ್ನು ಮುಂದೆ ಕರೆದು ಸೀಮೆಸುಣ್ಣ ಕೊಟ್ಟೆ. ಹಲಗೆಯ ಮೇಲೆ ಒಂದು ದೊಡ್ಡ ಸುತ್ತು, ಅದರೊಳಗೆ ಮೂರು ಚಿಕ್ಕ ಸುತ್ತು ಬರೆದಳು. ನೋಡಲು ಥೇಟು ದೋಸೆಯ ಹಾಗೇ ಇತ್ತು.