ನೀರು, ಗಾಳಿ ಮತ್ತು ಎರಡು ಊರು

ಹವಾಮಾನಕ್ಕೆ ಉರ್ದುವಿನಲ್ಲಿ ‘ಆಬೊಹವಾ’ ಎನ್ನುತ್ತಾರೆ. ಆಬ್ ಎಂದರೆ ನೀರು, ಹವಾ ಎಂದರೆ ಗಾಳಿ. ಕನ್ನಡದಲ್ಲಿಯೂ ಪರಊರಿಗೆ ಹೋದವರು ಕಾಯಿಲೆ ಬಿದ್ದು ಮರಳಿದರೆ ‘ಅಲ್ಲಿಯ ನೀರು, ಗಾಳಿ ಒಗ್ಗಲಿಲ್ಲ’ ಎಂದೇ ಹೇಳುತ್ತೇವೆ. ಎರಡೂ ಭಾಷೆಗಳು ಊರನ್ನು ಅಳೆಯುವ ಬಗೆ ಒಂದೇ.

ಮಂಡ್ಯದ ಗುತ್ತಲಿನಲ್ಲಿ ಕಬ್ಬಿನ ಗದ್ದೆ, ನಾಲೆ, ಆಲೆಮನೆಯ ಹೊಗೆ ನೋಡುತ್ತ ಬೆಳೆದ ನಮಗೆ ಕಡಲೆಂದರೆ ಮಂಗಳೂರು. ಹಳೆಯ ಮನೆಗಳ ಹೆಂಚು ಅಲ್ಲಿಯದು, ಮೀನು ಅಲ್ಲಿಯದು, ಮಕ್ಕಳ ಕಾಲೇಜೂ ಅಲ್ಲಿಯದೇ. ನಮ್ಮ ಜಿಲ್ಲೆಯ ಶ್ರೀರಂಗಪಟ್ಟಣದಿಂದ ಆಳಿದ ಹೈದರಾಲಿ ಹಡಗುಪಡೆ ಕಟ್ಟಿದ್ದು ಮಂಗಳೂರಿನಲ್ಲಿ. ಟಿಪ್ಪು 1784ರಲ್ಲಿ ಇಂಗ್ಲಿಷರೊಡನೆ ಒಪ್ಪಂದ ಮಾಡಿಕೊಂಡದ್ದೂ ಅಲ್ಲಿಯೇ. ಕಾರವಾರದ ಮಾತು ನಮ್ಮ ಬೀದಿಯಲ್ಲಿ ಬರುತ್ತಿದ್ದುದು ಅಪರೂಪ.

ಕಳೆದ ವರ್ಷ ಆಪಾನ ಮಗಳಿಗೆ ನರ್ಸ್ ಕೆಲಸಕ್ಕೆ ಈ ಎರಡೂ ಊರುಗಳಿಂದ ಕರೆ ಬಂತು. “ಎಲ್ಲಿಯ ಹವೆ ಒಳ್ಳೇದು, ನೋಡ್ಕೊಂಡು ಬನ್ನಿ” ಎಂದರು ಆಪಾ. ಹೋಗಿ ನೋಡಿ ಬಂದೆವು.

ಬರೀ ಮಳೆ, ಬಿಸಿಲು ಲೆಕ್ಕ ಹಾಕಿದರೆ ಆರಿಸಲು ಹೆಚ್ಚೇನೂ ಇಲ್ಲ. ಮಂಡ್ಯದಲ್ಲಿ ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ, ಅಲ್ಲಿ ಎರಡೂ ಕಡೆ ಅದರ ನಾಲ್ಕು ಪಟ್ಟು ಮೀರುತ್ತದೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ನಮ್ಮ ಬಿಸಿಲಿಗೆ ಬೆವರು ಆರುತ್ತದೆ, ಅಲ್ಲಿ ಆರುವುದಿಲ್ಲ. ಇಷ್ಟು ಮಳೆ ಬಿದ್ದೂ ಮಂಗಳೂರು ಬೇಸಿಗೆಯಲ್ಲಿ ಬಾಯಾರಿದ್ದುಂಟು. 2016 ಮತ್ತು 2019ರಲ್ಲಿ ನೇತ್ರಾವತಿಯ ತುಂಬೆ ಅಣೆಕಟ್ಟಿನ ನೀರು ತಳ ಕಂಡು, ನಲ್ಲಿ ನೀರಿಗೆ ಸರದಿ ಬಂದಿತ್ತು.

ಕಣ್ಣಿಗೆ ಮಾತ್ರ ಕಾರವಾರವೇ ಚೆಲುವು. ಬೆಟ್ಟಗಳು ಕಡಲಿಗೇ ಇಳಿದು ಬಂದಿವೆ, ಪಕ್ಕದಲ್ಲಿ ಕಾಳಿ ನದಿ. ತರುಣ ರವೀಂದ್ರನಾಥ ಠಾಕೂರರು ಅಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಯಲ್ಲಿದ್ದಾಗ ನಾಟಕ ಬರೆದರು. ಆದರೆ ಈ ಚೆಲುವು ಉಳಿದದ್ದರ ಹಿಂದೆ ಒಂದು ಸೋಲಿನ ಕಥೆಯಿದೆ. ಧಾರವಾಡ ಸೀಮೆಯ ಹತ್ತಿ ಸಾಗಿಸಲು ಕಾರವಾರವನ್ನು ದೊಡ್ಡ ಬಂದರು ಮಾಡುವ ಆಸೆಯಿಂದ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. ಘಟ್ಟ ಇಳಿಯಬೇಕಿದ್ದ ರೈಲು ಬರಲಿಲ್ಲ. ಅದು ಗೋವಾದ ಮುರ್ಮುಗಾವಿಗೆ ಹೋಯಿತು. ಹುಬ್ಬಳ್ಳಿ-ಅಂಕೋಲಾ ಮಾರ್ಗ ಇಂದಿಗೂ ಪೂರ್ತಿಯಾಗಿಲ್ಲ. ಮಂಗಳೂರಿಗೆ 1907ರಲ್ಲಿ ರೈಲು, 1970ರ ದಶಕದಲ್ಲಿ ಪಣಂಬೂರಿನ ಹೊಸ ಬಂದರು ಬಂದವು. ಕಾರವಾರಕ್ಕೆ ದಕ್ಕಿದ್ದು ನೌಕಾನೆಲೆ. ಅದಕ್ಕಾಗಿ ಸಾವಿರಾರು ಕುಟುಂಬಗಳು ಕಡಲ ದಂಡೆಯ ಮನೆ, ಗದ್ದೆ ಬಿಟ್ಟವು. ಪ್ರವಾಸಿಗ ಮೆಚ್ಚುವ ಆ ಮೌನಕ್ಕೆ ಬೆಲೆ ತೆತ್ತವರು ಅಲ್ಲಿಯವರೇ.

ನಮ್ಮ ಚಿಂತೆ ಇನ್ನೊಂದು ಹವೆಯದು. 2009ರಲ್ಲಿ ಮಂಗಳೂರಿನ ಪಬ್ಬಿನಲ್ಲಿ ಹೆಣ್ಣುಮಕ್ಕಳನ್ನು ಹೊಡೆದದ್ದನ್ನು ದೇಶವೇ ಟಿವಿಯಲ್ಲಿ ನೋಡಿತ್ತು. ಹುಡುಗಿಗೆ ಬಾಡಿಗೆ ಕೋಣೆ ಹುಡುಕುವಾಗ ಒಬ್ಬ ಯಜಮಾನರು ನಮ್ಮ ಹೆಸರು ಕೇಳಿದ ಮೇಲೆ “ಕೋಣೆ ಆಗ್ಲೇ ಹೋಯ್ತು” ಎಂದರು. ಅದೇ ಓಣಿಯ ಕ್ರೈಸ್ತ ಬಾಯಿಯೊಬ್ಬರು ಹೆಸರು ಕೇಳುವ ಮೊದಲೇ ಬೀಗ ತೆಗೆದು, “ಮಗಳು ರಾತ್ರಿ ಡ್ಯೂಟಿಯಿಂದ ಎಷ್ಟು ಹೊತ್ತಿಗೆ ಬರ್ತಾಳೆ?” ಎಂದು ವಿಚಾರಿಸಿದರು. ಒಂದೇ ಓಣಿಯಲ್ಲಿ ಎರಡು ಗಾಳಿ.

ಹುಡುಗಿ ಮಂಗಳೂರನ್ನೇ ಆರಿಸಿಕೊಂಡಳು. ಅಲ್ಲಿ ಕಲಿಯಲು ಹೆಚ್ಚು ಅವಕಾಶ, ಮಂಡ್ಯಕ್ಕೂ ಹತ್ತಿರ ಎಂಬುದು ಅವಳ ವಾದ. ಮಳೆಗೆ ಕೊಡೆ ಹಿಡಿಯಬಹುದು, ಸೆಕೆಗೆ ಫ್ಯಾನು ಹಾಕಬಹುದು. ಮುಖ ತಿರುಗಿಸುವ ನೆರೆಯವರಿಗೆ ಅಂಥ ಮದ್ದಿಲ್ಲ. ಹಾಗಾಗಿ ಆಪಾನ ಪ್ರಶ್ನೆಗೆ ನಾವು ಕೊಟ್ಟ ಉತ್ತರ ಇಷ್ಟೇ: ಬೀಗ ತೆಗೆದುಕೊಡುವ ಒಂದು ಕೈ ಎಲ್ಲಿ ಸಿಗುತ್ತದೋ ಅಲ್ಲಿಯ ಹವೆ ಒಳ್ಳೆಯದು. ಅವಳೀಗ ಒಂದು ಮಳೆಗಾಲ ದಾಟಿದ್ದಾಳೆ. ಫೋನಿನಲ್ಲಿ ಹೇಳುವ ದೂರು ಒಂದೇ, ಬಟ್ಟೆ ಒಣಗುವುದಿಲ್ಲವಂತೆ.