ಕೊಡಚಾದ್ರಿಗೆ ಬಾಡಿಗೆಯ ಜೀಪಿನಲ್ಲಿ

ಕೊಲ್ಲೂರಮ್ಮನ ದರ್ಶನಕ್ಕೆ ಒಮ್ಮೆಯಾದರೂ ಹೋಗದ ಕನ್ನಡ ಮನೆ ನಮ್ಮ ಕಾಸರಗೋಡಿನ ಕಡೆ ವಿರಳ. ಆದರೆ ಅಲ್ಲಿಂದ ಮುಂದೆ ಕೊಡಚಾದ್ರಿಯನ್ನೂ ಕಂಡು ಬಂದವರು ಅಷ್ಟು ಮಂದಿಯಿಲ್ಲ. ನಮ್ಮ ತಾಯಿಯವರಿಗೆ ಎಂಬತ್ತೊಂದು ವರ್ಷ. ಬೆಟ್ಟದ ಮೇಲಿನ ಮೂಲ ಮೂಕಾಂಬಿಕೆಯನ್ನು ಒಮ್ಮೆ ಕಾಣಬೇಕೆಂಬುದು ಅವರ ಬಹುಕಾಲದ ಹಂಬಲ. ಕಳೆದ ನವರಾತ್ರಿಯ ಜನಸಂದಣಿ ಕರಗಿದ ಮೇಲೆ ಒಂದು ಶನಿವಾರ ನಾವು ಮನೆಮಂದಿ ಐವರು ಹೊರಟೆವು.

ನಮ್ಮ ಮಗನು ಮಂಗಳೂರಿನಲ್ಲಿ ಒಂದು ಕಾರನ್ನು ತಾನೇ ನಡೆಸುವ ಕರಾರಿನ ಮೇಲೆ ಬಾಡಿಗೆಗೆ ಪಡೆದಿದ್ದನು. ಕಪ್ಪು ಫಲಕದ ಮೇಲೆ ಹಳದಿ ಅಕ್ಷರಗಳಿರುವ ವಾಹನಗಳು ಈ ಬಗೆಯವು. ಬೆಟ್ಟದ ತುದಿಯವರೆಗೂ ಅದೇ ಸಾಕೆಂಬುದು ಅವನ ವಾದ. ಉತ್ತರಪತ್ರಿಕೆಗಳನ್ನು ತಿದ್ದಿ ಪಳಗಿದ ಕಣ್ಣಿನಿಂದ ನಾವು ಕರಾರುಪತ್ರವನ್ನು ಓದಿದೆವು. ಕಚ್ಚಾ ದಾರಿಯಲ್ಲಿ ಕಾರಿನ ತಳಕ್ಕೆ ಬೀಳುವ ಪೆಟ್ಟಿಗೆ ಬಾಡಿಗೆದಾರನೇ ಹೊಣೆಯೆಂದು ಸಣ್ಣ ಅಕ್ಷರದಲ್ಲಿ ಬರೆದಿತ್ತು. ಕಾರು ಕೊಲ್ಲೂರಿನಲ್ಲೇ ಉಳಿಯಿತು.

ಅಲ್ಲಿ ಒಬ್ಬನು ಬಿಳಿ ಫಲಕದ ಜೀಪನ್ನು ಕಡಿಮೆ ದರಕ್ಕೆ ತರುವೆನೆಂದನು. ಬಿಳಿ ಫಲಕದ್ದು ಸ್ವಂತ ಉಪಯೋಗದ ವಾಹನ. ಅದನ್ನು ಬಾಡಿಗೆಗೆ ಓಡಿಸುವಂತಿಲ್ಲ. ಅಪಘಾತವಾದರೆ ವಿಮೆಯ ಹಣಕ್ಕೂ ತೊಡಕು. ಹಳದಿ ಫಲಕದ ಜೀಪನ್ನೇ ಹಿಡಿದೆವು. ದರವು ತಲೆಗೋ ಇಡೀ ವಾಹನಕ್ಕೋ, ಮೇಲೆ ಎಷ್ಟು ಹೊತ್ತು ಕಾಯುವುದು ಎಂಬುದನ್ನು ಮೊದಲೇ ಮಾತಾಡಿಕೊಂಡೆವು. ಮಧ್ಯಾಹ್ನ ಮೂರಕ್ಕೆ ಇಳಿಯಲೇಬೇಕೆಂದು ಚಾಲಕನು ಹೇಳಿದನು. ಒಪ್ಪಿದೆವು.

ನಾಗೋಡಿಯ ಘಾಟಿ ಏರಿ, ಕಟ್ಟಿನಹೊಳೆಯನ್ನು ದಾಟಿದ ಮೇಲೆ ದಾರಿಯೆಂಬುದು ಹೆಸರಿಗೆ ಮಾತ್ರ. ಮೊಣಕಾಲುದ್ದದ ಕೊರಕಲು, ಉರುಳುವ ಕಲ್ಲು, ಜಾರುವ ಕೆಮ್ಮಣ್ಣು. ಚಾಲಕನು ಒಂದು ಹಿಡಿಯನ್ನು ಎಳೆದನು; ಎಂಜಿನಿನ ಬಲವು ನಾಲ್ಕು ಚಕ್ರಗಳಿಗೂ ಹಂಚಿಹೋಗಿ ಜೀಪು ಆಮೆಯಂತೆ, ಆದರೆ ಬಿಡದೆ, ಏರತೊಡಗಿತು. ಕಾರಿನ ವಾದವನ್ನು ಮಗನು ಮತ್ತೆ ಎತ್ತಲಿಲ್ಲ.

ಕೊಡಚಾದ್ರಿಯ ಎತ್ತರ 1343 ಮೀಟರು. ಮೂಲ ಮೂಕಾಂಬಿಕೆಯ ಗುಡಿಯ ಬಳಿಯಲ್ಲಿ ಎತ್ತರದ ಕಬ್ಬಿಣದ ಕಂಬವೊಂದಿದೆ. ತಾಯಿಯವರು ಕೈಮುಗಿದು, ಇನ್ನು ತಾನು ಇಲ್ಲಿಯೇ ಕುಳಿತಿರುವೆನೆಂದರು. ಶಂಕರಾಚಾರ್ಯರು ತಪಸ್ಸು ಮಾಡಿದರೆಂದು ನಂಬುವ ಸರ್ವಜ್ಞಪೀಠಕ್ಕೆ ಮುಂದೆ ಕಾಲುದಾರಿ. ಅಲ್ಲಿಗೆ ಹೋದ ನಾವು ಮಂಜಿನಾಟವನ್ನು ನೋಡುತ್ತ ಹೊತ್ತು ಮರೆತೆವು. ಹಿಂದಿರುಗಿದಾಗ ನಾಲ್ಕು ಗಂಟೆ ದಾಟಿತ್ತು. ಜೀಪು ಹೊರಟ ಸ್ವಲ್ಪದರಲ್ಲೇ ಮಳೆ ಹೊಡೆಯಿತು.

ಒಂದು ಕಡಿದಾದ ತಿರುವಿನ ಮೇಲೆ ಚಾಲಕನು ಜೀಪನ್ನು ನಿಲ್ಲಿಸಿದನು. ಕತ್ತಲಾಗುತ್ತಿದೆ, ನಡೆಯೆಂದು ನಾವು ತರಗತಿಯ ದನಿಯಲ್ಲೇ ಗದರಿದೆವು. ಆತ ತಿರುಗಿ ನೋಡದೆ ಹೇಳಿದ: “ಬೇಕಾದ್ರೆ ಬಾಡಿಗೆ ಕೊಡ್ಬೇಡಿ ಸಾರ್. ಈಗ ಇಳ್ಸೋದಿಲ್ಲ.”

ಮಳೆ ನಿಲ್ಲಲು ಮುಕ್ಕಾಲು ಗಂಟೆ ಹಿಡಿಯಿತು. ಬಳಿಕ ಆತ ಕೋಲು ಹಿಡಿದು ನೀರಿನಲ್ಲಿ ನೆಲವನ್ನು ಮುಟ್ಟಿ ಮುಟ್ಟಿ ನೋಡಿ ಬಂದು, ಕೊರಕಲಿಗೆ ಕಲ್ಲು ತುಂಬಿದನು. ಎಲ್ಲರೂ ಇಳಿದು ನಡೆಯಿರೆಂದನು. ತಾಯಿಯವರು ಮೊಮ್ಮಗನ ಕೈ ಹಿಡಿದು ಮಾತಿಲ್ಲದೆ ನಡೆದರು. ತಿರುವಿಗೆ ಬಂದಾಗ ನಮಗೆ ಕಾಣಿಸಿತು: ದಾರಿಯ ಹೊರ ಅಂಚು ಒಂದು ಮಾರಿನಷ್ಟು ಕುಸಿದುಹೋಗಿತ್ತು. ಮಳೆನೀರು ಹರಿಯುತ್ತಿದ್ದಾಗ, ಮೇಲೆ ಕುಳಿತ ನಮ್ಮ ಕಣ್ಣಿಗೆ ಅದು ಬಿದ್ದಿರಲಿಲ್ಲ. ಆತ ಬ್ರೇಕನ್ನು ನೆಚ್ಚದೆ ಕೆಳಗಿನ ಗೇರಿನಲ್ಲಿ, ಗೋಡೆಯ ಬದಿಗೆ ಒತ್ತಿಕೊಂಡು, ಖಾಲಿ ಜೀಪನ್ನು ಇಳಿಸಿದನು.

ಮೂವತ್ತು ವರ್ಷ ಮಕ್ಕಳಿಗೆ ಹೊತ್ತು ಪಾಲಿಸಲು ಕಲಿಸಿದ ನಾವು ಮೂರು ಗಂಟೆಯ ಮಾತನ್ನು ಮುರಿದು, ತಾಯಿಯನ್ನು ಆ ಅಂಚಿನವರೆಗೆ ತಂದಿದ್ದೆವು. ಕೊಲ್ಲೂರಿನಲ್ಲಿ ಇಳಿದಾಗ ಚಾಲಕನ ಕ್ಷಮೆ ಕೇಳಿದೆವು. ಆತ ನಕ್ಕು, ಗೊತ್ತಾದ ದರದ ಮೇಲೆ ಕಾಸು ಹೆಚ್ಚು ತೆಗೆದುಕೊಳ್ಳಲಿಲ್ಲ.

ಹೋಗುವ ಬಂಧುಗಳು ಮಳೆಗಾಲ ಪೂರ್ತಿ ಕಳೆದ ಮೇಲೆ ಹೋಗಲಿ, ವಾಹನಕ್ಕೆ ಅನುಮತಿಯುಂಟೇ ಎಂದು ಮೊದಲೇ ವಿಚಾರಿಸಲಿ, ಬೆಳಗಿನಲ್ಲೇ ಹೊರಡಲಿ. ಚಾಲಕನು ಬೇಡವೆಂದ ಕಡೆ ಒತ್ತಾಯಿಸದಿರಲಿ. ನಾವು ತೆತ್ತ ಬಾಡಿಗೆಯಲ್ಲಿ ಆ ‘ಬೇಡ’ಕ್ಕೇ ಹೆಚ್ಚಿನ ಬೆಲೆಯಿತ್ತು.