ಪೀಜಿ ಮಂಚದ ಮೇಲೊಂದು ರೀರೆಕಾರ್ಡಿಂಗ್ ಥಿಯೇಟರ್!

ಚಿತ್ರರಸಿಕ ಮಿತ್ರರೇ, ನಿಮಗೊಂದು ಪ್ರಶ್ನೆ. 1987ರ 'ಪ್ರೇಮಲೋಕ'ದ ಹಾಡು ಎಲ್ಲಾದರೂ ಕಿವಿಗೆ ಬಿದ್ದರೆ ಕಣ್ಣಿಗೆ ಕಟ್ಟುವುದು ಯಾರು? ರವಿಚಂದ್ರನ್, ಜೂಹಿ ಚಾವ್ಲಾ! ಸಂಗೀತ ಯಾರದು ಅಂದರೆ ಹಂಸಲೇಖ ಅಂತ ನಿದ್ದೆಗಣ್ಣಲ್ಲೂ ಹೇಳುತ್ತೀರಿ. ಸರಿ, ಆ ಹಾಡಿನ ತಳದಲ್ಲಿ ನಡೆಯುವ ಬೇಸ್? ಪಲ್ಲವಿ ಮುಗಿದು ಚರಣ ಶುರುವಾಗುವ ಮೊದಲು ಎಷ್ಟು ವಾದ್ಯ ಬಂದು ಹೋದವು? ಯಾವತ್ತಾದರೂ ಎಣಿಸಿದ್ದೀರಾ?

ಎರಡು ವರ್ಷದ ಹಿಂದಿನವರೆಗೆ ಈ ಲೆಕ್ಕವೆಲ್ಲ ನನಗೂ ಬೇಕಿರಲಿಲ್ಲ. ನಾನು ಮುಳಬಾಗಿಲು ಕಡೆಯವನು. ಬೆಳ್ಳಂದೂರಿನ ಹಳೇ ಊರಿನ ಗಲ್ಲಿಯೊಂದರಲ್ಲಿ ಪೀಜಿ. ಮೂರು ಮಂಚದ ಕೋಣೆ, ನನ್ನದು ಕಿಟಕಿ ಪಕ್ಕದ್ದು. ಔಟರ್ ರಿಂಗ್ ರೋಡಿನ ಗಾಜಿನ ಕಟ್ಟಡವೊಂದರಲ್ಲಿ ರಾತ್ರಿ ಪಾಳಿ. ಸಾತ್ ಸಮುದ್ರದಾಚೆಯವರ ಫೋನಿಗೆ ಸಮಾಧಾನ ಹೇಳುವುದೇ ಕಸುಬು. ಬೆಳ್ಳಂದೂರು ಅಂದ ತಕ್ಷಣ ಹೊರಗಿನವರಿಗೆ ನೆನಪಾಗುವುದು ಎರಡೇ ಸಂಗತಿ. ಒಂದು, ಸಾಫ್ಟ್‌ವೇರ್ ಕಂಪನಿಗಳು. ಇನ್ನೊಂದು, 2015ರಲ್ಲಿ ನೊರೆಯುಕ್ಕಿ ರಸ್ತೆಗೆ ಬಂದ, ಆ ನೊರೆಗೇ ಬೆಂಕಿ ಹತ್ತಿ ಉರಿದ ಕೆರೆ. ಇಂಥ ಊರಿನ ಮಂಚವೊಂದರ ಮೇಲೆ ಕೂತು ಸಿನಿಮಾ ಸಂಗೀತ ಕಲಿಯುತ್ತೇನೆಂದು ಹೊರಟವನ ಕಥೆ ಇದು. ನಗಬೇಡಿ!

ಬಂಡವಾಳ ಹೇಳಿಬಿಡುತ್ತೇನೆ. ಎಸ್.ಪಿ. ರೋಡಿನಲ್ಲಿ ಕೊಂಡ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪು, ತೊಡೆಯ ಮೇಲೆ ಕೂರುವ 25 ಕೀಲಿಯ ಪುಟ್ಟ ಕೀಬೋರ್ಡು, ಒಂದು ಹೆಡ್‌ಫೋನು. ಹಾಡು ಕಟ್ಟುವ ಸಾಫ್ಟ್‌ವೇರಿಗೆ ರೀಪರ್ ಅಂತ ಹೆಸರು. 60 ದಿನ ಬಳಸಿ ನೋಡಿ, ಆಮೇಲೆ 60 ಡಾಲರ್ ಕೊಡಿ ಅನ್ನುತ್ತದೆ. ಪಾಳಿ ಮುಗಿಸಿ ಕೋಣೆ ಸೇರುವಾಗ ಬೆಳಗಿನ ಜಾವ ನಾಲ್ಕು. ನಾಲ್ಕರಿಂದ ಆರು, ಇದೇ ನನ್ನ ಥಿಯೇಟರ್ ಸಮಯ. ಆರಕ್ಕೆ ನೀರಿನ ಟ್ಯಾಂಕರು ಗಲ್ಲಿಗೆ ಹಿಮ್ಮುಖವಾಗಿ ನುಗ್ಗುತ್ತದಲ್ಲ, ಅದರ ರಿವರ್ಸ್ ಹಾರನ್ನಿನ ಮುಂದೆ ಯಾವ ಕಛೇರಿಯೂ ನಿಲ್ಲುವುದಿಲ್ಲ.

ಮೊದಲ ದಿನವೇ ಒಂದು ಚಮತ್ಕಾರ ನೋಡಿದೆ. ಕೀಲಿ ಒತ್ತಿದರೆ ನಾದ ಕೊಂಚ ತಡವಾಗಿ ಬರುತ್ತದೆ! ಲ್ಯಾಪ್‌ಟಾಪು ಕೆಟ್ಟಿದೆ ಅಂತ ಯಾರೂ ಹೊತ್ತುಕೊಂಡು ಓಡಬೇಡಿ. ಕಂಪ್ಯೂಟರು ಒಂದು ಸೆಕೆಂಡಿನ ಸದ್ದನ್ನು 44,100 ಚೂರು ಮಾಡಿ, ಒಂದಷ್ಟನ್ನು ಕೂಡಿಹಾಕಿಕೊಂಡು ಆಮೇಲೆ ಹೊರಗೆ ಬಿಡುತ್ತದೆ. ಈ ಕೂಡಿಹಾಕುವ ಜಾಗಕ್ಕೆ ಬಫರ್ ಅನ್ನುತ್ತಾರೆ. ಅದು 1024 ಚೂರಿನದಾದರೆ ಅಲ್ಲೇ 23 ಮಿಲಿಸೆಕೆಂಡು ತಡ, ತಾಳ ಕೈಬಿಟ್ಟ ಹಾಗೆ. 128ಕ್ಕೆ ಇಳಿಸಿದರೆ ಮೂರೇ ಮಿಲಿಸೆಕೆಂಡು, ಬೆರಳಿಗೆ ಗೊತ್ತೇ ಆಗದು. ಇಳಿಸಿದರೆ ಬಡ ಲ್ಯಾಪ್‌ಟಾಪು ಏದುಸಿರು ಬಿಡುತ್ತದೆ, ಚಟಪಟ ಸದ್ದು ಮಾಡುತ್ತದೆ. ಬಾರಿಸುವಾಗ ಇಳಿಸುವುದು, ಎಲ್ಲ ಕೂಡಿಸಿ ಮಿಕ್ಸಿಂಗ್ ಮಾಡುವಾಗ ಏರಿಸುವುದು. ಅಷ್ಟೇ ಗುಟ್ಟು.

ಇದೇನು ಮಹಾ ಕಷ್ಟ ಬಿಡಿ! 60-70ರ ದಶಕದಲ್ಲಿ ಕನ್ನಡದ ಹಾಡೆಂದರೆ ಮದರಾಸಿಗೆ ರೈಲು ಹತ್ತಬೇಕಿತ್ತು. ಗಾಯಕರೂ ಇಡೀ ವಾದ್ಯವೃಂದವೂ ಒಟ್ಟಿಗೆ ಕೂತು ಒಂದೇ ಟೇಕಿನಲ್ಲಿ ಮುಗಿಸಬೇಕು. ಕೊನೇ ಚರಣದಲ್ಲಿ ಒಬ್ಬ ಪಿಟೀಲಿನವನ ಕೈ ಜಾರಿದರೂ ಮತ್ತೆ ಮೊದಲಿಂದ! 80ರ ದಶಕದಲ್ಲಿ ಶಂಕರ್‌ನಾಗ್ ಬೆಂಗಳೂರಿನಲ್ಲೇ 'ಸಂಕೇತ್' ಸ್ಟುಡಿಯೊ ಕಟ್ಟಿದರು. ಒಂದು ನಗರಕ್ಕೆ ಅದು ಎಷ್ಟು ದೊಡ್ಡ ಸಂಗತಿಯಾಗಿತ್ತೆಂಬುದು, ಕಂಬಳಿ ಹೊದ್ದು ಹಾಡು ಧ್ವನಿಮುದ್ರಿಸುವ ನಮಗೆ ಪೂರ್ತಿ ತಿಳಿಯಲಾರದು.

ಕಷ್ಟ ಬರುವುದು ಮೂರನೇ ತಿಂಗಳಲ್ಲಿ.

ನನ್ನ ಪಕ್ಕದ ಮಂಚದವನು ದಾವಣಗೆರೆಯವನು. ಇಬ್ಬರೂ ಒಂದೇ ದಿನ ಎಸ್.ಪಿ. ರೋಡಿಗೆ ಹೋಗಿ ಸಾಮಾನು ತಂದವರು. ನಿಜ ಹೇಳಬೇಕೆಂದರೆ ಅವನ ಕೈ ನನ್ನ ಕೈಗಿಂತ ಚುರುಕು, ಕಂಠವಂತೂ ಕೇಳುವುದೇ ಬೇಡ. ಪೀಜಿಯ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅವನು ಗುನುಗಿದರೆ ಮೇಲಿನ ಮಹಡಿಯವರು ಬಗ್ಗಿ ನೋಡುತ್ತಿದ್ದರು. ಅವನ ಲ್ಯಾಪ್‌ಟಾಪಿನಲ್ಲಿ ನಲವತ್ತು ಹಾಡು ಶುರುವಾಗಿದ್ದವು. ಎಲ್ಲವೂ ಅರ್ಧ ನಿಮಿಷದವು. ಒಂದಾದರೂ ಚರಣದವರೆಗೆ ಹೋಗಲಿಲ್ಲ. ಅರ್ಧ ನಿಮಿಷ ಕಟ್ಟುವುದು, ಅದರ ಪಕ್ಕದಲ್ಲೇ ರೆಹಮಾನ್ ಹಾಡು ಹಾಕಿ ಕೇಳುವುದು, 'ಥೂ' ಅಂತ ಅಳಿಸುವುದು. ಒಂದು ದಿನ ಕೀಬೋರ್ಡು ಕಾಣಲಿಲ್ಲ. ಕೇಳಿದರೆ, "ಮಾರಿಬಿಟ್ಟೆ ಗುರು. ನಮ್ಮಂಥೋರಿಗಲ್ಲ ಇದು" ಅಂದ. ಆಮೇಲೆ ಗುನುಗುವುದೂ ನಿಂತುಹೋಯಿತು. ನನಗೆ ಹೆದರಿಕೆಯಾಗಿದ್ದು ಅದಕ್ಕೆ. ಕೀಬೋರ್ಡು ಹೋದರೆ ಹೋಗಲಿ, ಇದ್ದ ಹಾಡೂ ಹೋಗುತ್ತದಲ್ಲಾ!

ಸಿನಿಮಾ ಹುಚ್ಚಿನ ನಮ್ಮಂಥವರಿಗೆ ಇದೊಂದು ವಿಚಿತ್ರ ಶಾಪ. ಚಿಕ್ಕಂದಿನಿಂದ ರಾಜನ್-ನಾಗೇಂದ್ರ, ಇಳಯರಾಜ, ಹಂಸಲೇಖ ಅಂತ ಕೇಳಿ ಕೇಳಿ ಕಿವಿಗೆ ಇಪ್ಪತ್ತೈದು ವರ್ಷ ವಯಸ್ಸಾಗಿದೆ. ಕೈಗೆ ಮಾತ್ರ ಮೂರು ತಿಂಗಳು. ಹಾಲು ಕುಡಿಯುವ ಕೂಸಿನ ಮೇಲೆ ಯಜಮಾನ ದಿನಾ ರೇಗಿದರೆ ಕೂಸು ಏನು ಮಾಡೀತು?

ನಾನು ಕಿವಿಗೆ ಬೇರೆ ಕೆಲಸ ಹಚ್ಚಿದೆ. ಒಂದು ಹಳೇ ಹಾಡು ಹಿಡಿದು, ಅದರ ಬೇಸ್ ಮಾತ್ರ ಕೇಳಿ ಕೀಬೋರ್ಡಿನಲ್ಲಿ ನುಡಿಸುವುದು. ನಾಲ್ಕು ನಿಮಿಷದ ಹಾಡಿಗೆ ಎಂಟು ದಿನ ಹಿಡಿಯಿತು. ಮುಂದಿನ ವಾರ ಅದರದೇ ತಬಲ, ಅದರ ಮುಂದಿನ ವಾರ ಪಿಟೀಲು. ಇನ್ನೊಂದು ವ್ರತವೂ ಇದೆ. ಭಾನುವಾರ ಸಂಜೆಗೆ ಒಂದು ನಿಮಿಷದ ಹಾಡಾದರೂ ಸರಿ, ಮೊದಲು-ಕೊನೆ ಇರುವಂಥದ್ದು, ಮುಗಿಸಿ ಇಡಲೇಬೇಕು. ಚೆನ್ನಾಗಿದೆಯೋ ಇಲ್ಲವೋ, ಆ ವಿಚಾರಣೆ ಬೇಡ. 'ಭಾನುವಾರ 1', 'ಭಾನುವಾರ 2' ಅಂತ ಹೆಸರು. ಈಗ 61ರಲ್ಲಿದ್ದೇನೆ. ಮೊದಲ ಹತ್ತನ್ನು ನಿಮಗೆ ಕೇಳಿಸುವ ಧೈರ್ಯ ಮಾತ್ರ ಇಲ್ಲ! ಶುರು ಮಾಡುವುದು ಹೇಗೆಂದು ಯಾರು ಬೇಕಾದರೂ ಕಲಿಸಿಯಾರು. ಮುಗಿಸುವುದು ಹೇಗೆಂದು ಮುಗಿಸಿಯೇ ಕಲಿಯಬೇಕು.

ದೊಡ್ಡವರ ಕಥೆಯೂ ಹಾಗೇ ಅಲ್ಲವೇ? 1976ರಲ್ಲಿ 'ಅನ್ನಕ್ಕಿಳಿ' ಬರುವ ಮುಂಚೆ ಇಳಯರಾಜ ನಮ್ಮ ಜಿ.ಕೆ. ವೆಂಕಟೇಶ್ ಅವರ ಬಳಿ ಗಿಟಾರು ಹಿಡಿದು, ಸಹಾಯಕರಾಗಿ ದುಡಿದವರು. ವಿ. ಹರಿಕೃಷ್ಣ ಬೇರೆಯವರ ಹಾಡುಗಳಿಗೆ ಕೀಬೋರ್ಡು ನುಡಿಸಿಕೊಂಡು ಬಂದು, 'ಜೊತೆ ಜೊತೆಯಲಿ' ಸಂಗೀತ ನಿರ್ದೇಶಕರಾದದ್ದು 2006ರಲ್ಲಿ. ರವಿ ಬಸ್ರೂರು 2014ರ 'ಉಗ್ರಂ' ಆಗಿ, 2018ರ 'ಕೆಜಿಎಫ್' ಆಗಿ, ಹೆಸರು ದೇಶವೆಲ್ಲ ಸುತ್ತಿದರೂ ಸ್ಟುಡಿಯೊ ಕಟ್ಟಿದ್ದು ಕುಂದಾಪುರದ ಪಕ್ಕದ ತಮ್ಮ ಬಸ್ರೂರಿನಲ್ಲೇ. ಪೋಸ್ಟರಿನಲ್ಲಿ ಹೆಸರು ಬರುವ ಮೊದಲು ಇವರು ಮುಗಿಸಿಕೊಟ್ಟ ಕೆಲಸ ಎಷ್ಟೋ! ಅದನ್ನು ಮಾತ್ರ ಯಾವ ಅಭಿಮಾನಿ ಸಂಘವೂ ಎಣಿಸುವುದಿಲ್ಲ.

ಅಂದ ಹಾಗೆ, ನಮ್ಮ ಸೋದರಮಾವನ ವಿಷಯ ಹೇಳಲೇಬೇಕು. ಊರ ಜಾತ್ರೆಯಲ್ಲಿ ತಮಟೆ ಬಾರಿಸುವವರು. ಹೋದ ವರ್ಷ ಬೆಂಗಳೂರಿಗೆ ಬಂದಾಗ ಒಂದು ರಾತ್ರಿ ಪೀಜಿಯಲ್ಲಿ ಉಳಿದರು. ಕಂಪ್ಯೂಟರಿನ ತಮಟೆ ಸದ್ದಿನಿಂದ ಕಟ್ಟಿದ್ದ ತುಣುಕೊಂದನ್ನು ಹೆಡ್‌ಫೋನಿಟ್ಟು ಕೇಳಿಸಿದೆ. ಪೆಟ್ಟುಗಳೆಲ್ಲ ಗೆರೆ ಹೊಡೆದ ಹಾಗೆ ಒಂದೇ ಅಳತೆ, ಒಂದೇ ಜೋರು. ಮಾವ ಕಣ್ಣು ಮುಚ್ಚಿ ಪೂರ್ತಿ ಕೇಳಿ, "ಅಳಿಯಾ, ಸದ್ದೇನೋ ತಮಟೇದೇ. ಆದ್ರೆ ಬಾರ್ಸಿದೋನಿಗೆ ಕೈ ನೋವೇ ಆಗಿಲ್ವಲ್ಲೋ!" ಅಂದರು.

"ಹಂಗಂದ್ರೆ ಹೆಂಗೆ ಮಾವಾ?"

ಸ್ನಾನದ ಬಕೆಟ್ಟನ್ನು ಬೋರಲು ಹಾಕಿಕೊಂಡರು. ಬಾರಿಸಿ ತೋರಿಸಿದರು. ನಾನು ಫೋನಿನಲ್ಲಿ ಹಿಡಿದುಕೊಂಡೆ. ಆಮೇಲೆ ಅದನ್ನು ಕಂಪ್ಯೂಟರಿನ ಗೆರೆಗಳ ಮೇಲೆ ಇಟ್ಟು ನೋಡುತ್ತೇನೆ, ಏನಾಶ್ಚರ್ಯ! ತಿರುವಿನ ಹತ್ತಿರ ಬಂದಾಗ ಮಾವನ ಪೆಟ್ಟು ಗೆರೆಗಿಂತ ಒಂದು ಕೂದಲೆಳೆ ಮುಂದೆ. ತಿರುವು ದಾಟಿದ ಮೇಲೆ ಮತ್ತೆ ನಿಧಾನವಾಗಿ ಗೆರೆಗೆ ಬಂದು ಕೂರುತ್ತದೆ. ಜೋರೂ ಅಷ್ಟೆ, ಒಂದಿದ್ದ ಹಾಗೆ ಇನ್ನೊಂದಿಲ್ಲ. ಕೀಬೋರ್ಡಿನ ಭಾಷೆಯಲ್ಲಿ ಪೆಟ್ಟಿನ ಬಲಕ್ಕೆ 1ರಿಂದ 127ರವರೆಗೆ ಅಂಕಿಗಳಿವೆ. ನನ್ನ ತುಣುಕಿನಲ್ಲಿ ಎಲ್ಲವೂ 100 ಇತ್ತು. ಮಾವನನ್ನು ನೋಡಿ ನೋಡಿ ಒಂದನ್ನು 62ಕ್ಕೆ ಇಳಿಸಿದೆ, ಒಂದನ್ನು 118ಕ್ಕೆ ಏರಿಸಿದೆ, ತಿರುವಿನ ಪೆಟ್ಟುಗಳನ್ನು ಕೂದಲೆಳೆ ಮುಂದಕ್ಕೆ ತಳ್ಳಿದೆ. ಬೆಳಗಾಗುವಾಗ ಮತ್ತೆ ಕೇಳಿಸಿದರೆ ಮಾವ, "ಈಗ ಸ್ವಲ್ಪ ಬೆವತವ್ನೆ" ಅಂದು ಬಸ್ಸು ಹಿಡಿಯಲು ಹೊರಟರು.

ಈಗೇನು, ನಾಲ್ಕು ಮಾತು ಟೈಪ್ ಮಾಡಿದರೆ ಕಂಪ್ಯೂಟರೇ ಪೂರ್ತಿ ಹಾಡು ಕಟ್ಟಿಕೊಡುತ್ತದೆ, ನೀನ್ಯಾಕೆ ನಿದ್ದೆಗೆಡ್ತೀಯ ಅನ್ನುವವರಿದ್ದಾರೆ. ಕಟ್ಟಿಕೊಡಲಿ. ನನಗೆ ಬೇಕಿದ್ದುದು ಆ ಕೂದಲೆಳೆಯ ಸಮಾಚಾರ. ಅದು ಸಿಕ್ಕಿದ್ದು ಬಕೆಟ್ಟಿನಿಂದ.

ಕಳೆದ ಬೇಸಿಗೆಯಲ್ಲಿ ಮಾರತಹಳ್ಳಿಯ ಹುಡುಗರು ಒಂಬತ್ತು ನಿಮಿಷದ ಕಿರುಚಿತ್ರ ಮಾಡಿ ನನ್ನಲ್ಲಿಗೆ ಬಂದರು. ಸಂಭಾವನೆ: ಬಿರಿಯಾನಿ. ಮಗನಿಗಾಗಿ ಬಸ್ ಸ್ಟಾಪಿನಲ್ಲಿ ಕಾಯುವ ಅಪ್ಪನ ಕಥೆ. "ಇಲ್ಲಿ ಅಳು ಬರಬೇಕು ಗುರು" ಅಂತ ನಿರ್ದೇಶಕರ ಅಪ್ಪಣೆ. ಹತ್ತು ಪಿಟೀಲು ಹಾಕಿದೆ. ಅಳು ಬಂತು, ಅಪ್ಪನ ಮಾತೇ ಕೇಳಿಸಲಿಲ್ಲ! ಮಾತು ಮತ್ತು ಪಿಟೀಲು ಎರಡೂ ಒಂದೇ ಎತ್ತರದ ಸದ್ದಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತವೆ. ಒಬ್ಬರು ಜಾಗ ಬಿಡಬೇಕು. ಐದು ತೆಗೆದೆ, ಮತ್ತೆ ಮೂರು ತೆಗೆದೆ, ಕಡೆಗೆ ಎಲ್ಲವನ್ನೂ ತೆಗೆದು ಒಂದೇ ಒಂದು ಕೊಳಲಿನ ಸ್ವರ ಉಳಿಸಿದೆ, ಅದೂ ಮಾತು ಮುಗಿದ ಮೇಲೆ. ದೂರದಲ್ಲಿ ನಮ್ಮ ಗಲ್ಲಿಯ ಟ್ಯಾಂಕರಿನ ಹಾರನ್ನು. ಅದಂತೂ ಯಾವ ಖರ್ಚೂ ಇಲ್ಲದೆ ಸಿಕ್ಕ ವಾದ್ಯ!

ಚಿತ್ರವನ್ನು ನಮ್ಮ ಕೋಣೆಯಲ್ಲೇ ಹನ್ನೊಂದು ಜನ ಕೂತು ಲ್ಯಾಪ್‌ಟಾಪಿನಲ್ಲಿ ನೋಡಿದೆವು. ಕೊಳಲು ಬಂದಾಗ ಯಾರೂ ಕೆಮ್ಮಲಿಲ್ಲ. ಕೊನೆಗೆ 'ಹಿನ್ನೆಲೆ ಸಂಗೀತ' ಅಂತ ನನ್ನ ಹೆಸರು ಎರಡು ಸೆಕೆಂಡು ಬಂದು ಹೋಯಿತು. ಹುಡುಗರು ಶಿಳ್ಳೆ ಹಾಕಿದರು. ದಾವಣಗೆರೆಯವನು ಮಾತ್ರ ಸುಮ್ಮನೆ ಕೂತಿದ್ದ. ಎಲ್ಲರೂ ಹೋದ ಮೇಲೆ, "ಆ ಕೊಳಲಿನ ಜಾಗದಲ್ಲಿ ಯಾರಾದ್ರೂ ಗುನುಗಿದ್ರೆ ಹೆಂಗಿರ್ತಿತ್ತು?" ಅಂತ ಗೋಡೆ ಕಡೆ ಮುಖ ಮಾಡಿ ಕೇಳಿದ.

ನಾನು ಏನೂ ಮಾತಾಡದೆ ಎರಡು ಕಂಬಳಿ ತೆಗೆದೆ.

ಬೆಳಗಿನ ಜಾವ ಮೂರನೇ ಮಂಚದವನು ಗೊರಕೆ ಹೊಡೆಯುತ್ತಿದ್ದ. ಅವನನ್ನು ಮೆಲ್ಲಗೆ ಮಗ್ಗುಲಾಗಿಸಿ, ಕಂಬಳಿಯೊಳಗೆ ಇಬ್ಬರೂ ತೂರಿಕೊಂಡು ಮೈಕ್ ಹಿಡಿದೆವು. ಮೊದಲ ಟೇಕಿಗೆ ದಾವಣಗೆರೆಯವನ ಗಂಟಲು ಬಿಗಿದಿತ್ತು. ಎರಡನೆಯದರಲ್ಲಿ ಫ್ಯಾನಿನ ಸದ್ದು. ಮೂರನೆಯದು ಇನ್ನೇನು ಸಿಕ್ಕಿತು ಅನ್ನುವಷ್ಟರಲ್ಲಿ ಟ್ಯಾಂಕರು ಬಂತು. ನಾಲ್ಕನೇ ಟೇಕ್ ಈ ಭಾನುವಾರ.